ಗಿರಣಿ ಮನೆ ಸಂಬಂಧದ ಬಗ್ಗೆ ಅಪ್ಪನಿಗೆ

ಪುಣೆ, ಭಾನುವಾರ ರಾತ್ರಿ

ಅಪ್ಪನಿಗೆ, ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ಗಿರಣಿ ಮನೆಯವರು ನಮ್ಮ ಪುಟ್ಟಿಯನ್ನು ಮಗನಿಗೆ ಕೇಳಿದ್ದಾರೆ ಅಂತ ನೀವು ಬರೆದ ಕಾಗದ ಗುರುವಾರ ಕೈಗೆ ಬಂತು. ಫೋನ್ ಬಿಟ್ಟು ಕಾಗದ ಬರೆದಿದ್ದೀರಿ ಅಂದ ಮೇಲೆ ವಿಷಯ ದೊಡ್ಡದೇ ಅಂತ ಒಡೆಯುವ ಮೊದಲೇ ಗೊತ್ತಾಯಿತು. ನಾನೂ ಕಾಗದದಲ್ಲೇ ಉತ್ತರ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಹಾಕುತ್ತಾಳೆ, ಗೌರತ್ತೆ ಕೇಳಿಸಿಕೊಳ್ಳುತ್ತಾಳೆ. ಇದು ಸದ್ಯಕ್ಕೆ ನಮ್ಮೊಳಗೇ ಇರಲಿ.

ಇಲ್ಲಿ ಮಳೆ ಶುರುವಾಗಿದೆ. ಪಂಢರಪುರಕ್ಕೆ ಹೋಗುವ ದೇಹು, ಆಳಂದಿಯ ಪಾಲಕಿಗಳು ಬಂದು ಎರಡು ದಿನ ಊರಲ್ಲೇ ಇದ್ದವು. ರಸ್ತೆಯೆಲ್ಲ ಬಂದ್ ಆಗಿ ಶಿವಾಜಿನಗರದಿಂದ ನಡೆದೇ ಮನೆಗೆ ಬಂದೆ. ಪಾಲಕಿ ಜೊತೆ ಬರುವವರು ಗುರುತಿಲ್ಲದವರನ್ನೂ 'ಮಾವುಲಿ', ಅಂದರೆ ತಾಯಿ, ಅಂತ ಕರೆಯುತ್ತಾರೆ. ನನ್ನನ್ನೂ ಒಬ್ಬ ಅಜ್ಜಿ ಹಾಗೆ ಕರೆದು ಕೈಗೆ ಬಾಳೆಹಣ್ಣು ಕೊಟ್ಟಳು. ಅಮ್ಮನ ನೆನಪಾಯಿತು. ಉಳಿದಂತೆ ಊರು ಸ್ವಲ್ಪ ಗತ್ತಿನದು. ಹಳೇ ಪೇಟೆಯ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತವೆ. ಬೆಲ್ ಎಷ್ಟು ಸಲ ಒತ್ತಬೇಕು ಅಂತ ಮನೆ ಬಾಗಿಲಲ್ಲೇ ಬೋರ್ಡು. ಆದರೆ ಒಳಗೆ ಹೋದರೆ ಒಳ್ಳೆಯ ಜನ, ಅಪ್ಪ. ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಈಗ ಪುಟ್ಟಿ ವಿಷಯ.

ಗಿರಣಿ ಮನೆಯವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅಮ್ಮನ ಆಪರೇಷನ್ ಹೊತ್ತಿಗೆ ರಾತ್ರಿ ಹನ್ನೊಂದಕ್ಕೆ ಜೀಪು ಕಳಿಸಿದವರು ಅವರೇ. 60 ಸಾವಿರ ಕೊಟ್ಟು ಒಂದು ಚೀಟಿ ಕೂಡ ಬರೆಸಿಕೊಳ್ಳಲಿಲ್ಲ. ಗುಡಿಗೆ ಶೆಡ್ ಹಾಕಿಸಿದ್ದು, ಶಾಲೆಗೆ ಬೋರ್ ಹೊಡೆಸಿದ್ದು ಎಲ್ಲ ನಿಜ. ಕೆರೆ ಕೆಳಗಿನ ಬಸಣ್ಣನ ಎರಡು ಎಕರೆಯನ್ನು ಬಡ್ಡಿ ಲೆಕ್ಕದಲ್ಲಿ ಬರೆಸಿಕೊಂಡಿದ್ದೂ ಅಷ್ಟೇ ನಿಜ. ಈಗ ಚುನಾವಣೆಗೆ ನಿಲ್ಲುವ ಮೊದಲು ಮಗನ ಮದುವೆ ಮುಗಿಸಬೇಕಂತೆ. ನೀವು 'ಹೇಗೆ ಬೇಡ ಅನ್ನಲಿ' ಅಂತ ಬರೆದಿದ್ದೀರಿ. ಆ ಸಾಲು ಓದಿ ನನಗೆ ನಿದ್ದೆ ಬರಲಿಲ್ಲ.

ನಾನು ರಾತ್ರಿ ಆಟ ಆಡುತ್ತೇನೆ ಅಂತ ಪುಟ್ಟಿ ಹೇಳಿದಳಂತೆ. ಹೌದು, ಆಡುತ್ತೇನೆ. ಮೊಬೈಲ್ ಆಟಗಳಲ್ಲಿ ತಪ್ಪು ಹುಡುಕುವುದೇ ನನ್ನ ಸಂಬಳದ ಕೆಲಸ, ಅದು ನಿಮಗೆ ಗೊತ್ತು. ರಾತ್ರಿ ಆಡುವುದು ಬೇರೆ. ಅದರ ಹೆಸರು ಸ್ಕೈರಿಮ್. 2011ರಲ್ಲಿ ಬಂದ ವಿಡಿಯೊ ಆಟ. ರಾಜರು, ಡ್ರ್ಯಾಗನ್‌ಗಳು ಇರುವ ಒಂದು ಕಾಲ್ಪನಿಕ ನಾಡು. ನಿಮಗೆ ಇದು ಮಕ್ಕಳ ವಿಷಯ ಅನ್ನಿಸಬಹುದು. ಆದರೂ ದಯವಿಟ್ಟು ಓದಿ, ಯಾಕೆಂದರೆ ನಿಮ್ಮ ಕಾಗದ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅದೇ.

ಅಲ್ಲಿ ರಿಫ್ಟನ್ ಅಂತ ಒಂದು ಊರು. ಅದನ್ನು ಆಳುವವಳ ಹೆಸರು ಲೈಲಾ. ಆದರೆ ಊರು ನಡೆಯುವುದು ಮೇವನ್ ಬ್ಲ್ಯಾಕ್-ಬ್ರೈಯರ್ ಅನ್ನುವ ಶ್ರೀಮಂತ ಹೆಂಗಸಿನ ಮಾತಿನಂತೆ. ಜೇನಿನಿಂದ ಮದ್ಯ ಮಾಡುವ ಕಾರ್ಖಾನೆ ಅವಳದು. ಎಷ್ಟೋ ಜನಕ್ಕೆ ಅವಳಿಂದಲೇ ಅನ್ನ. ಕಳ್ಳರ ಸಂಘವೂ ಅವಳ ಕೈಯಲ್ಲೇ ಇದೆ. ಕಾವಲುಗಾರರೂ ಅವಳ ಎದುರು ಮಾತಾಡುವುದಿಲ್ಲ. ಮೊದಲು ನನಗೆ ಅವಳು ಇಷ್ಟವಾದಳು. ಗಟ್ಟಿಗಿತ್ತಿ, ಹೇಳಿದ ದುಡ್ಡು ಕೊಡುತ್ತಾಳೆ.

ಬೇರೆ ಊರಲ್ಲಿ ಸಾಬ್ಯೋರ್ನ್ ಅಂತ ಒಬ್ಬನಿದ್ದ. ಅವನದೂ ಅದೇ ವ್ಯಾಪಾರ. ಮೇವನ್‌ಗೆ ಅವನ ವ್ಯಾಪಾರ ಮುಗಿಸಬೇಕಿತ್ತು. ಅವನ ಕೊಪ್ಪರಿಗೆಗೆ ವಿಷ ಹಾಕಿದವಳು ನಾನೇ. ಕಾವಲು ಪಡೆಯ ಮುಖ್ಯಸ್ಥ ರುಚಿ ನೋಡಿದ, ಸಾಬ್ಯೋರ್ನ್ ಜೈಲು ಸೇರಿದ, ಕಾರ್ಖಾನೆ ಮೇವನ್ ಪಾಲಾಯಿತು. ಸಾಬ್ಯೋರ್ನ್ ಕೂಡ ಒಳ್ಳೆಯವನಲ್ಲ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಸಾಲ ಕೊಟ್ಟು ಒಬ್ಬನನ್ನು ಆಳಾಗಿ ದುಡಿಸಿಕೊಳ್ಳುತ್ತಿದ್ದ. ಅದು ನಿಜವೇ. ಆದರೆ ಆ ನಿಜ ಹಿಡಿದುಕೊಂಡು ನಾನು ಎಷ್ಟು ಸುಲಭವಾಗಿ ವಿಷ ಹಾಕಿದೆ ಅಂತ ಆಮೇಲೆ ಹೊಟ್ಟೆಯಲ್ಲಿ ಒಂಥರಾ ಆಯಿತು.

ಮೇವನ್‌ಗೆ ಸಿಬ್ಬಿ ಅಂತ ಮಗ. ಕೊಲೆ ಮಾಡಿ ಜೈಲಿನಲ್ಲಿದ್ದಾನೆ. ಹೆಸರಿಗೆ ಜೈಲು, ಒಳಗೆ ಎಲ್ಲ ಅನುಕೂಲ. ಅವನಿಗೆ ಒಂದು ಹುಡುಗಿ ಜೊತೆ ಮದುವೆ ನಿಶ್ಚಯವಾಗಿತ್ತು. ಅವಳು ಓಡಿಹೋಗಿ, ಹೆಸರು ಬದಲಿಸಿಕೊಂಡು, ಬೆಟ್ಟದ ಬುಡದ ಒಂದು ಹಳ್ಳಿಯ ಛತ್ರದಲ್ಲಿ ಹಾಡಿಕೊಂಡು ಬದುಕುತ್ತಾಳೆ. ನಾನು ಅವಳನ್ನು ನೋಡಿದೆ. ಅವಳೆಲ್ಲಿದ್ದಾಳೆ ಅಂತ ಸಿಬ್ಬಿಗೆ ಹೇಳಲಿಲ್ಲ.

ಇನ್ನೊಂದು ಊರಲ್ಲಿ ಥೋನರ್ ಅಂತ ಇದ್ದಾನೆ, ಬೆಳ್ಳಿ ಗಣಿ ಒಡೆಯ. ಕೈದಿಗಳಿಂದ ಗಣಿ ಅಗೆಸುತ್ತಾನೆ. ಅವನ ಮೇಲೆ ಸಿಟ್ಟಿನಿಂದಲೇ ಅವನ ಮನೆಗೆ ಹೋದೆ. ಅವತ್ತೇ, ಅವನ ಮನೆಯೊಳಗೇ, ಶತ್ರುಗಳು ಅವನ ಹೆಂಡತಿಯನ್ನು ಕೊಂದರು. ಆಮೇಲೆ ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಇಂಥ ಮನೆಗಳಲ್ಲಿ ದುಃಖವೂ ನಿಜವಾದದ್ದೇ, ಅಪ್ಪ. ಗಿರಣಿ ಅಜ್ಜಿ ತೀರಿಕೊಂಡಾಗ ಅವರೆಲ್ಲ ಹೇಗೆ ಅತ್ತರು, ನೆನಪಿದೆಯಲ್ವಾ? ಅದಕ್ಕೇ ಅವರು ಒಳ್ಳೆಯವರೋ ಕೆಟ್ಟವರೋ ಅನ್ನುವ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಆದರೆ ಒಂದು ವಿಷಯ. ಮೇವನ್ ಮೇಲೆ ಎಷ್ಟೇ ಕತ್ತಿ ಬೀಸಿದರೂ ಅವಳು ಸಾಯುವುದಿಲ್ಲ. ಮಂಡಿಯೂರುತ್ತಾಳೆ, ಮತ್ತೆ ಏಳುತ್ತಾಳೆ. ಆಟ ಮಾಡಿದವರೇ ಹಾಗೆ ಇಟ್ಟಿದ್ದಾರೆ. ಸಾಲದ್ದಕ್ಕೆ ಯುದ್ಧದಲ್ಲಿ ನಾನು ಸಾಮ್ರಾಜ್ಯದ ಕಡೆ ಸೇರಿದೆ, ಗೆದ್ದ ಮೇಲೆ ಊರಿನ ಗದ್ದುಗೆಯನ್ನೂ ಅವಳಿಗೇ ಕೊಟ್ಟರು. ಆ ಊರಲ್ಲಿ ಅವಳಿಗೆ 'ಬೇಡ' ಅನ್ನಬೇಕಾದರೆ ಊರನ್ನೇ ಬಿಡಬೇಕು. ಆ ಹಾಡುವ ಹುಡುಗಿ ಮಾಡಿದ್ದು ಅದನ್ನೇ.

ನಮ್ಮ ಪುಟ್ಟಿ ಗಿರಣಿ ಮನೆಗೆ ಹೋದರೆ 'ಬೇಡ' ಅನ್ನಲು ಅವಳಿಗೆ ಆಗುತ್ತದಾ? ನಿಮಗೇ ಈಗ ಆಗುತ್ತಿಲ್ಲವಲ್ಲ. ಗಿರಣಿ ಮನೆಯ ದೊಡ್ಡ ಸೊಸೆ ಎರಡು ವರ್ಷದಿಂದ ತವರಿಗೆ ಹೋಗಿಲ್ಲ ಅಂತ ಅಮ್ಮನೇ ಯುಗಾದಿಗೆ ಹೇಳಿದ್ದಳು. ಯಾಕೆ ಅಂತ ಯಾರಾದರೂ ಕೇಳಿದ್ದೀರಾ? ಸೋಮಮಾವನಿಗೆ ಆ ಸೊಸೆಯ ಊರಿನವರ ಪರಿಚಯ ಇದೆ. ಮಾವನನ್ನು ಕಳಿಸಿ. ಹುಡುಗನನ್ನು ನೋಡುವುದು ಆಮೇಲೆ. ಅವನು ನಿಜವಾಗಿ ಒಳ್ಳೆಯವನಾಗಿರಬಹುದು, ನಾನು ಇಲ್ಲ ಅನ್ನುವುದಿಲ್ಲ.

60 ಸಾವಿರದ ಚಿಂತೆ ನನಗೆ ಬಿಡಿ. ನನ್ನ ಹತ್ತಿರ 35 ಇದೆ, ನಾಳೆಯೇ ಕಳಿಸುತ್ತೇನೆ. ಉಳಿದದ್ದು ತಿಂಗಳಿಗೆ 5ರಂತೆ ಐದು ತಿಂಗಳು. ನನಗೆ ಏನೂ ಕಷ್ಟ ಇಲ್ಲ, ನಿಜವಾಗಿ ಇಲ್ಲ. ನೀವೇ ಹೋಗಿ ಕೊಟ್ಟು, ಈ ಸಲ ಚೀಟಿ ಬರೆಸಿಕೊಂಡು ಬನ್ನಿ. ಮೊದಲು ಸಾಲಕ್ಕೆ ಒಂದು ದಾರಿಯಾಗಲಿ, ಆಮೇಲೆ ಸಂಬಂಧದ ಮಾತು. ಇನ್ನೇನು ಆಷಾಢ ಬಂತು, ಒಂದು ತಿಂಗಳು ಯಾರೂ ಆತುರ ಮಾಡುವ ಹಾಗಿಲ್ಲ. ಶ್ರಾವಣದಲ್ಲಿ ನೋಡೋಣ ಅಂತ ಹೇಳಿಬಿಡಿ. ಪುಟ್ಟಿಯನ್ನು ಒಬ್ಬಳನ್ನೇ ಹಿತ್ತಲಿಗೆ ಕರೆದು ಕೇಳಿ. ಅಮ್ಮನ ಎದುರು ಅವಳು ಸುಮ್ನೆ ತಲೆ ಆಡಿಸುತ್ತಾಳೆ.

ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡಿ. ಎರಡು ಹೊತ್ತು ಸರಿಯಾಗಿ ಊಟ ಮಾಡುತ್ತೇನೆ. ಹೊಸ ಕೊಡೆ ತಗೊಂಡಿದ್ದೇನೆ. ಕೆಮ್ಮು ಪೂರ್ತಿ ಹೋಗಿದೆ. ರೂಮಿನ ಬಾಗಿಲಿಗೆ ಎರಡು ಚಿಲಕ ಇದೆ, ಗಂಗಾ ಜೊತೆಗೇ ಇರುತ್ತಾಳೆ. ಹನ್ನೆರಡಕ್ಕೆ ಮಲಗುತ್ತೇನೆ, ಆಣೆಗೂ. ಅಮ್ಮ ಮಾತ್ರೆ ಬಿಡಬಾರದು.

ಗಂಗಾಳ ಅಣ್ಣ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಕೆಳಗೆ ನಿಂತು ಕೂಗುತ್ತಿದ್ದಾನೆ. ಸೋಮಮಾವನನ್ನು ಈ ವಾರವೇ ಕಳಿಸಿ.

ನಿಮ್ಮ
ಸುಮಾ