ಸಂಜೆ ಹೊತ್ತಿನ ಸಿಡುಕು: ಭಾನುವಾರದ ಮಾತುಕತೆಗೆ ಮುಂಚೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 11ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ. ವಿಷಯ: ಎಡಿಎಚ್‌ಡಿಗೆ (ಗಮನ ನಿಲ್ಲದ, ಚಡಪಡಿಕೆ, ಮರೆವಿನ ತೊಂದರೆ) ಮೀಥೈಲ್‌ಫೆನಿಡೇಟ್ ಅನ್ನೋ ಮಾತ್ರೆ ತಗೊಳ್ಳುತ್ತಿರುವವರ ಮೂಡ್ ಏರುಪೇರು. ಮನೆಯವರನ್ನೂ ಕೂರಿಸಿಕೊಂಡರೆ ಇನ್ನೂ ಒಳ್ಳೇದು. ಸಿಡುಕಿನ ಬಿಸಿ ಮೊದಲು ತಟ್ಟೋದು ಅವರಿಗೇ.

ಅಷ್ಟರೊಳಗೆ ಒಂದು ಕೆಲಸ. ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಮೂಡ್ ಕೆಟ್ಟ ಹೊತ್ತು, ಮೂರನ್ನೂ ದಿನಾ ಫೋನಿನಲ್ಲಿ ಬರೆದಿಡಿ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು 3-4 ಗಂಟೆ, ನಿಧಾನಕ್ಕೆ ಬಿಡುಗಡೆಯಾಗುವಂಥದ್ದು 8-12 ಗಂಟೆ. ಆ ಪ್ರಭಾವ ಇಳಿಯುವ ಹೊತ್ತಿಗೇ ಸಿಟ್ಟು, ಅಳು ಬರುತ್ತಿದ್ದರೆ ಅದು ಇಳಿಯೋದರಿಂದಲೇ ಇರಬಹುದು. ಮಾತ್ರೆ ಕೆಲಸ ಮಾಡುತ್ತಿರುವಾಗಲೇ ಮಂಕು, ಚಡಪಡಿಕೆ ಅಂದರೆ ಡೋಸ್ ಜಾಸ್ತಿ ಆಗಿರಬಹುದು. ಹೊತ್ತು ಬರೆದಿದ್ದರೆ ಡಾಕ್ಟರಿಗೆ ಬೇಗ ಗೊತ್ತಾಗುತ್ತೆ. ಹಸಿವಿಲ್ಲ ಅಂತ ಊಟ ಬಿಟ್ಟು ಬರೀ ಕಾಫಿ ಕುಡಿದ ದಿನ ಮಾತ್ರೆಯನ್ನೊಂದೇ ದೂರಬೇಡಿ.

ಡೋಸ್ ನೀವೇ ಹೆಚ್ಚುಕಮ್ಮಿ ಮಾಡಬೇಡಿ. "ಯಾರ ಹತ್ರಾದ್ರೂ ಒಂದು ಸ್ಟ್ರಿಪ್ ಇದೆಯಾ" ಅಂತ ಇಲ್ಲಿ ಕೇಳೋದೂ ಬೇಡ. ಇದು ಶೆಡ್ಯೂಲ್ ಎಕ್ಸ್ (ಕಟ್ಟುನಿಟ್ಟಿನ ನಿಯಂತ್ರಣದ ಪಟ್ಟಿ) ಔಷಧಿ, ಡಾಕ್ಟರ ಚೀಟಿ ಬೇಕೇ ಬೇಕು.

ಸಾಯುವ ಯೋಚನೆ, ಇಲ್ಲದ ದನಿ ಕೇಳಿಸೋದು, ನಿದ್ದೆಯೇ ಬೇಡವೆನ್ನುವಷ್ಟು ಅತಿಯಾದ ಹುರುಪು ಇದ್ದರೆ ಭಾನುವಾರದ ತನಕ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಬರುವವರು ಶುಕ್ರವಾರ ರಾತ್ರಿಯೊಳಗೆ "ಬರ್ತೀನಿ" ಅಂತ ಹಾಕಿ. ಡೋಸ್, ಡಾಕ್ಟರ ಹೆಸರು ಗುಂಪಿನಲ್ಲಿ ಬೇಡ. ಲಿಂಕ್ ಶನಿವಾರ ಸಂಜೆ ಕಳಿಸುತ್ತೇನೆ, ಭಾನುವಾರ ಬೆಳಗ್ಗೆ ಇನ್ನೊಂದು ಸಲ (ನಮ್ಮ ಗುಂಪು ತಾನೇ!).