ಕೂಟದ ಅರ್ಥ, ಆಟದ ಕುಣಿತ

ಪೆರ್ಲ,
ಪತ್ತನಾಜೆಯ ಮರುದಿನ

ಚಿ. ಪ್ರಮೋದನಿಗೆ ಮಾವನ ಆಶೀರ್ವಾದಗಳು.

ಆರು ಸಂಚಿಕೆಯ ಸೂಪರ್‌ಹೀರೋ ಕಥೆಯೊಂದನ್ನು 75 ನಿಮಿಷದ ಆ್ಯನಿಮೇಷನ್ ಸಿನಿಮಾ ಮಾಡುವ ಕೆಲಸ ನಿಮ್ಮ ತಂಡಕ್ಕೆ ಸಿಕ್ಕಿದೆ, ಚಿತ್ರಕಥೆ ನಿನ್ನ ಪಾಲಿಗೆ ಬಂದಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು. ಆದರೆ "ಕಾಮಿಕ್‌ನ ಪ್ಯಾನೆಲ್‌ಗಳೇ (ಪುಟದ ಚಿತ್ರಚೌಕಗಳೇ) ಸ್ಟೋರಿಬೋರ್ಡ್ (ಶಾಟ್‌ಗಳ ಮುಂಗಡ ಚಿತ್ರ), ಇಳಿಸಿಕೊಂಡರೆ ಆಯಿತು" ಅಂದೆಯಂತೆ. ಅದಕ್ಕೇ ಈ ಕಾಗದ.

ಲೆಕ್ಕ ಹಾಕಿ ನೋಡು. ಸಂಚಿಕೆಗೆ 22 ಪುಟ, ಪುಟಕ್ಕೆ ಐದು ಪ್ಯಾನೆಲ್, ಒಟ್ಟು 660. ನಿನ್ನ ಕೈಯಲ್ಲಿರುವುದು 4500 ಸೆಕೆಂಡು. ಪ್ಯಾನೆಲ್‌ಗೆ ಸುಮಾರು ಏಳು ಸೆಕೆಂಡು ಸಿಕ್ಕಿತು, ಸಾಕು ಅನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಒಂದು ಪ್ಯಾನೆಲ್‌ನ ಮಾತಿನ ಬಲೂನುಗಳಲ್ಲಿ 40 ಶಬ್ದ ಇದ್ದರೆ, ಸೆಕೆಂಡಿಗೆ ಎರಡು ಶಬ್ದದ ಹಾಗೆ ಆಡಿ ಮುಗಿಸಲು 20 ಸೆಕೆಂಡು ಬೇಕು. ಇನ್ನು ಒಂದು ಪ್ಯಾನೆಲ್‌ನಲ್ಲಿ ಎತ್ತಿದ ಮುಷ್ಟಿ, ಮುಂದಿನದರಲ್ಲಿ ಕುಸಿದ ಕಟ್ಟಡ ಇದ್ದರೆ ನಡುವಿನ ಕಾಳಗವನ್ನು ಓದುಗ ಎರಡು ಪ್ಯಾನೆಲ್‌ಗಳ ನಡುವಿನ ಬಿಳಿ ಜಾಗದಲ್ಲಿ ತಾನೇ ಕಟ್ಟಿಕೊಳ್ಳುತ್ತಾನೆ. ಸಿನಿಮಾದಲ್ಲಿ ಆ ಬಿಳಿ ಜಾಗವನ್ನು ನೀನೇ ತುಂಬಬೇಕು. ಅರ್ಧ ನಿಮಿಷ ಅಲ್ಲೇ ಹೋಯಿತು.

ಹಾಗಾಗಿ ಇಡೀ ರಾತ್ರಿಯ ಯಕ್ಷಗಾನ ಪ್ರಸಂಗವನ್ನು ಕೆಲವೇ ಗಂಟೆಯ ಕಾಲಮಿತಿ ಆಟಕ್ಕೆ ಭಾಗವತರು ಹೊಂದಿಸುವ ಹಾಗೆ ಹೊಂದಿಸು. ದೃಶ್ಯಕ್ಕೊಂದು ಚೀಟಿ ಬರೆ. ಒಂದು ಚೀಟಿ ಎತ್ತಿಟ್ಟು ಉಳಿದದ್ದನ್ನು ಓದು; ಕಥೆ ಎಲ್ಲೂ ಮುಗ್ಗರಿಸದಿದ್ದರೆ ಆ ಚೀಟಿ ಬೇಡ. ಬೇರೆ ಸಂಚಿಕೆಗಳಿಂದ ಬಂದು ಮುಖ ತೋರಿಸಿ ಹೋಗುವ ವೀರರನ್ನು ಮೊದಲು ಬಿಡು. ಅಷ್ಟಾದರೂ 75 ನಿಮಿಷದೊಳಗೆ ಹಿಡಿಸದಿದ್ದರೆ ಎರಡು ಭಾಗ ಕೊಡಿ ಎಂದು ಧೈರ್ಯದಿಂದ ಕೇಳು. ಸೂಪರ್‌ಮ್ಯಾನ್ ಸಾಯುವ 1992ರ ಕಥೆಯನ್ನು 2007ರಲ್ಲಿ ಸಾವು, ಮರಳಿ ಬರುವುದು ಎರಡನ್ನೂ ಸೇರಿಸಿ ಒಂದೇ ಸಿನಿಮಾಕ್ಕೆ ತುರುಕಿದ್ದರು. 2018 ಮತ್ತು 2019ರಲ್ಲಿ ಅದನ್ನೇ ಎರಡು ಸಿನಿಮಾ ಮಾಡಿದರು. ಎಳೆಯುವುದೂ ಅಷ್ಟೇ ಕೆಟ್ಟದ್ದು. 'ದಿ ಕಿಲ್ಲಿಂಗ್ ಜೋಕ್' ಐವತ್ತು ಪುಟದೊಳಗಿನ ಬ್ಯಾಟ್‌ಮ್ಯಾನ್ ಕಾಮಿಕ್. 2016ರ ಸಿನಿಮಾಕ್ಕೆ ಉದ್ದ ಸಾಲದೆ ಮೊದಲಿಗೆ ಅರ್ಧ ಗಂಟೆಯಷ್ಟು ಬ್ಯಾಟ್‌ಗರ್ಲ್ ಕಥೆ ಹೊಸದಾಗಿ ಹೊಲಿದರು. ಹೊಲಿಗೆ ಎದ್ದು ಕಾಣುತ್ತದೆ.

ಆ ಸೂಪರ್‌ಮ್ಯಾನ್ ಕಥೆಯ ಕೊನೆಯ ನಾಲ್ಕು ಸಂಚಿಕೆಗಳನ್ನು ಎದುರಿಗೆ ಹರಡಿಕೊಂಡು ಪ್ಯಾನೆಲ್ ಎಣಿಸು. ಒಂದರಲ್ಲಿ ಪುಟಕ್ಕೆ ನಾಲ್ಕು, ಮುಂದಿನದರಲ್ಲಿ ಮೂರು, ಆಮೇಲೆ ಎರಡು. ಅವನು ಸಾಯುವ 75ನೇ ಸಂಚಿಕೆಯಲ್ಲಿ ಪುಟಕ್ಕೆ ಒಂದೇ ಚಿತ್ರ. ಪುಟ ಮಗುಚುತ್ತ ಹೋದ ಹಾಗೆ ಎದೆ ಡವಡವ ಅನ್ನುವುದು ಈ ಎಣಿಕೆಯಿಂದ. ಸಿನಿಮಾದ ಪರದೆಗೆ ಇರುವುದು ಒಂದೇ ಅಳತೆ. ಈ ಎಣಿಕೆಯನ್ನು ನೀನು ಸಮಯಕ್ಕೆ ತಿರುಗಿಸಬೇಕು: ಕಾಳಗದ ಶುರುವಿಗೆ ಒಂದೂವರೆ ಸೆಕೆಂಡಿನ ಶಾಟ್‌ಗಳು, ನಡುವೆ ಮೂರು, ನಾಲ್ಕು ಸೆಕೆಂಡು, ಕೊನೆಯ ಹೊಡೆತಕ್ಕೆ ಕತ್ತರಿಯೇ ಇಲ್ಲದ ಹತ್ತು ಸೆಕೆಂಡು, ಸಂಗೀತವೂ ನಿಂತಿರಲಿ. ನಿನ್ನ ಕಥೆಯಲ್ಲೂ ಪುಟದ ವಿನ್ಯಾಸ ಎಲ್ಲಿ ಕೆಲಸ ಮಾಡುತ್ತಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕು.

ಮನಸ್ಸಿನೊಳಗಿನ ಮಾತಿನ ಪೆಟ್ಟಿಗೆಗಳಿಗೂ ಇದೇ ನ್ಯಾಯ. ತಾಳಮದ್ದಳೆ ಕೂಟದಲ್ಲಿ ಅರ್ಥಧಾರಿ ವೇಷವಿಲ್ಲದೆ ಕೂತಲ್ಲೇ ಒಳಗಿನದ್ದನ್ನೆಲ್ಲ ಬಿಚ್ಚಿಡುತ್ತಾನೆ. ಆಟದಲ್ಲಿ ಅದೇ ಪದ್ಯಕ್ಕೆ ವೇಷ ಕುಣಿಯಬೇಕು. 'ದಿ ಡಾರ್ಕ್ ನೈಟ್ ರಿಟರ್ನ್ಸ್' 1986ರ ಕಾಮಿಕ್‌ನ ತುಂಬ ಬ್ಯಾಟ್‌ಮ್ಯಾನ್ ತನ್ನೊಳಗೇ ಮಾತಾಡಿಕೊಳ್ಳುತ್ತಾನೆ. 2012 ಮತ್ತು 2013ರಲ್ಲಿ ಎರಡು ಭಾಗವಾಗಿ ಬಂದ ಸಿನಿಮಾದಲ್ಲಿ ಅದನ್ನು ಬಿಟ್ಟರು. ಬಿಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಬಿಟ್ಟಲ್ಲಿ ಏನಾದರೂ ಇಡಬೇಕು. ಮುದುಕನಾದ ವೀರನಿಗೆ ಮೊಣಕಾಲು ನೋವು ಎಂದು ಪೆಟ್ಟಿಗೆಯಲ್ಲಿ ಬರೆದಿದ್ದರೆ, ಅವನು ಮೆಟ್ಟಿಲ ಬಳಿ ನಿಂತು ಕೈತಾಂಗು ಹಿಡಿಯಲಿ.

ಮುಖವಾಡದ ವೈರಿ ಯಾರೆಂದು ಕೊನೆಗೆ ತಿಳಿಯಬೇಕಾದರೆ ಜಾಗ್ರತೆ. ಕಾಗದಕ್ಕೆ ಸ್ವರವಿಲ್ಲ, ಸಿನಿಮಾದಲ್ಲಿ ಎರಡನೇ ಮಾತಿಗೇ ಗುಟ್ಟು ರಟ್ಟು. ತೆರೆಯ ಹಿಂದಿನ ಬಣ್ಣದ ವೇಷದ ರಕ್ಕಸನ ಹಾಗೆ ಮೊದಲು ಅವನಿಗೆ ಅಬ್ಬರ, ನೆರಳು ಮಾತ್ರ ಕೊಡು.

ವೇಷಭೂಷಣದ ಗೆರೆ ಕಡಿಮೆ ಮಾಡಿಸು. ಸೆಕೆಂಡಿಗೆ 24 ಫ್ರೇಮ್; ಎರಡು ಫ್ರೇಮಿಗೊಂದು ಚಿತ್ರವಾದರೂ ನಾಲ್ಕು ಸೆಕೆಂಡಿನ ಶಾಟ್‌ಗೆ 48 ಚಿತ್ರ. ಬೆನ್ನಿಗೆ ಇಳಿಬಿಟ್ಟ ಕೇಪ್‌ನಲ್ಲಿ 20 ನೆರಿಗೆ ಹೆಚ್ಚಿದ್ದರೆ 960 ಗೆರೆ ಹೆಚ್ಚು, ಅದೂ ಒಂದೇ ಶಾಟ್‌ಗೆ. ಗೆರೆ ಹೆಚ್ಚಾದಷ್ಟೂ ಓಡುವಾಗ ಬಟ್ಟೆ ನಡುಗಿದಂತೆ ಕಾಣುತ್ತದೆ. ನೆರಿಗೆ ನಾಲ್ಕು ಸಾಕು, ಉಳಿದದ್ದು ಕಪ್ಪು ನೆರಳಾಗಲಿ.

ಬಣ್ಣಕ್ಕೆ ಕೈ ಹಾಕುವ ಮೊದಲು ಕಚ್ಚಾ ಚಿತ್ರ, ನಿಮ್ಮದೇ ಸ್ವರ ಸೇರಿಸಿ ಇಡೀ 75 ನಿಮಿಷದ ಆ್ಯನಿಮ್ಯಾಟಿಕ್ ಮಾಡಿ. ಕಾಮಿಕ್ ಓದದ ಒಬ್ಬರನ್ನು ಕೂರಿಸಿ ತೋರಿಸು, ನಡುವೆ ವಿವರಿಸಬೇಡ. ಅವರು ಮೊಬೈಲ್ ಕೈಗೆತ್ತಿಕೊಂಡ ನಿಮಿಷ, ಸೆಕೆಂಡನ್ನು ಬರೆದಿಡು. ಕತ್ತರಿ ಬೀಳಬೇಕಾದ್ದು ಅಲ್ಲಿ. ಬಣ್ಣ ಬಳಿದ ಮೇಲೆ ಕತ್ತರಿಸಿದರೆ ಹತ್ತಾರು ಜನರ ತಿಂಗಳ ದುಡಿಮೆ ಹೊಳೆಗೆ ಹೋಗುತ್ತದೆ.

ಚೀಟಿಗಳ ಪಟ್ಟಿ ಆದ ಕೂಡಲೇ ಫೋಟೋ ತೆಗೆದು ಕಳಿಸು. ಯಾವುದನ್ನು ಬಿಟ್ಟೆ ಎಂಬ ಪಟ್ಟಿಯೂ ಜೊತೆಗಿರಲಿ, ನನಗೆ ಮೊದಲು ನೋಡಬೇಕಾದ್ದು ಅದು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ