ತೆಳು ಲ್ಯಾಪ್‌ಟಾಪ್ ಕೊಳ್ಳುವವರು ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಹಗುರವಾದ ಲ್ಯಾಪ್‌ಟಾಪ್ ಯಾವುದು ಒಳ್ಳೇದು ಅಂತ ತುಂಬ ಜನ ಕೇಳುತ್ತಿದ್ದೀರಿ. ದಯವಿಟ್ಟು ಮೊದಲು, ತೆರೆದಿಟ್ಟ ಕೆಲಸಗಳನ್ನು ಆ ಹೊತ್ತಿಗೆ ಹಿಡಿದಿಡುವ ಮೆಮೊರಿ, ಅಂದರೆ ರ‍್ಯಾಮ್ ನೋಡಿ. ತೆಳು ಮಾದರಿಗಳಲ್ಲಿ ಸಾಮಾನ್ಯವಾಗಿ ಅದನ್ನು ಒಳಗಿನ ಮುಖ್ಯ ಫಲಕವಾದ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಮೇಲೆ ಹೆಚ್ಚಿಸೋಣ ಅಂದರೆ ಆಗುವುದಿಲ್ಲ. ನಾನು 8 ಜಿಬಿ ಸಾಕು ಅಂದುಕೊಂಡೆ. ಈಗ ಇಪ್ಪತ್ತು ಟ್ಯಾಬ್ ತೆರೆದಿಟ್ಟು ವಿಡಿಯೊ ಕಾಲ್‌ಗೆ ಸೇರಿದರೆ ಮೌಸ್ ಬಾಣವೇ ತಡೆತಡೆದು ಓಡುತ್ತದೆ. 16 ಜಿಬಿಗಿಂತ ಕಡಿಮೆ ಬೇಡವೇ ಬೇಡ. ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿಯನ್ನು ಅನೇಕ ಮಾದರಿಗಳಲ್ಲಿ ಬದಲಿಸಬಹುದು, ಅದಕ್ಕೆ ಅಷ್ಟು ಚಿಂತೆಯಿಲ್ಲ.

ಪ್ರೊಸೆಸರ್ ಒಂದೇ ಆದರೂ ಎರಡು ಲ್ಯಾಪ್‌ಟಾಪ್‌ಗಳ ವೇಗ ಒಂದೇ ಇರಬೇಕೆಂದಿಲ್ಲ. ತೆಳು ಮೈಯಲ್ಲಿ ಬಿಸಿ ಹೊರಹೋಗಲು ಜಾಗ ಕಡಿಮೆ ಅಲ್ವಾ? ಬಿಸಿ ಏರಿದಾಗ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಇಲ್ಲದ್ದು ಸದ್ದೇ ಮಾಡುವುದಿಲ್ಲ, ಓದು ಬರಹಕ್ಕೆ ತುಂಬಾ ಚೆನ್ನ. ಗಂಟೆಗಟ್ಟಲೆ ವಿಡಿಯೊ ಎಡಿಟ್ ಮಾಡುವವರು ಮಾತ್ರ ಫ್ಯಾನ್ ಇರುವುದನ್ನೇ ತಗೊಳ್ಳಿ.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಅನ್ನುವ ಜಾಹೀರಾತನ್ನು ಸುಮ್ನೆ ನಂಬಬೇಡಿ, ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಪ್ರಮಾಣ) ಎಷ್ಟಿದೆ ನೋಡಿ. ತೂಕದ ಲೆಕ್ಕಕ್ಕೆ ಚಾರ್ಜರನ್ನೂ ಸೇರಿಸಿ. ಟೈಪ್-ಸಿ ಚಾರ್ಜಿಂಗ್ ಇದ್ದರೆ ಟೈಪ್-ಸಿ ಇರುವ ಫೋನಿಗೂ ಅದೇ ಚಾರ್ಜರ್ ಸಾಕಾಗುತ್ತದೆ.

ಕೊಳ್ಳುವ ಮುಂಚೆ ಮಾದರಿಯ ಪೂರ್ತಿ ಹೆಸರು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.